ಒಬ್ಬ ಮೇಷ್ಟ್ರ ದಿನಚರಿ

ಬೇಸಿಗೆ ರಜೆಯಲ್ಲಿ ಹಪ್ಪಳ ಸಂಡಿಗೆ ಮಾಡುವುದು ಬಿಟ್ಟು ಇಂಗ್ಲಿಷ್ ಪುಸ್ತಕ ಹಿಡಿದು ಕೂತಿದ್ದಕ್ಕೆ ಈ ಸಲ ಮನೆಯಲ್ಲಿ ಸಾಕಷ್ಟು ಮಾತು ಕೇಳಬೇಕಾಯಿತು. ಪುಸ್ತಕ ನನ್ನದಲ್ಲ. ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ತಂದು ಬಿಟ್ಟು ಹೋದದ್ದು. "ಅಮ್ಮಾ, ಇದು ನಿನ್ನ ಹಾಗೇ ಒಬ್ಬ ಮೇಷ್ಟ್ರು ಬರೆದಿದ್ದು, ಓದು" ಎಂದಿದ್ದಳು. ನನ್ನ ಇಂಗ್ಲಿಷು ಬಿ.ಎ. ಬಿ.ಎಡ್. ಮಟ್ಟದ್ದು. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ದಿನಕ್ಕೆ ಹತ್ತು ಪುಟದಂತೆ ಓದಿದೆ. ಮುಗಿಯುವ ಹೊತ್ತಿಗೆ ರಜೆಯೂ ಮುಗಿದಿತ್ತು. ಆದರೆ ಪುಸ್ತಕ ನನ್ನನ್ನು ಬಿಟ್ಟಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬರೆದವರ ಹೆಸರು ಮುಲೂದ್ ಫೆರಾವುನ್. ಉತ್ತರ ಆಫ್ರಿಕಾದ ಅಲ್ಜೀರಿಯಾ ದೇಶದವರು, ಅಲ್ಲಿನ ಕಬೀಲಿಯಾ ಎಂಬ ಗುಡ್ಡಗಾಡಿನ ಒಂದು ಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬಡರೈತನ ಮಗ. ವಿದ್ಯಾರ್ಥಿವೇತನದಿಂದ ಓದಿ ಶಾಲಾ ಮಾಸ್ತರರಾದರು. ತಮ್ಮ ಬಾಲ್ಯವನ್ನೇ ಕಾದಂಬರಿ ಮಾಡಿ ಹೆಸರು ಪಡೆದರು. 1955ರ ನವೆಂಬರ್ 1ರಿಂದ ಒಂದು ದಿನಚರಿ ಬರೆಯಲು ಕೂತರು. 1962ರ ಮಾರ್ಚ್ 14ರವರೆಗೆ ಬರೆದರು. ಮಾರನೆಯ ದಿನ ಅವರನ್ನು ಕೊಂದರು. ದಿನಚರಿ ಅದೇ ವರ್ಷ ಪ್ಯಾರಿಸ್ಸಿನಲ್ಲಿ ಪುಸ್ತಕವಾಗಿ ಬಂತು. ನಾನು ಓದಿದ್ದು 2000ದಲ್ಲಿ ಅಮೆರಿಕದಲ್ಲಿ ಅಚ್ಚಾದ ಅದರ ಇಂಗ್ಲಿಷ್ ಅನುವಾದ.

ಅಲ್ಜೀರಿಯಾದ ಕಥೆ ನಮ್ಮ ಪಠ್ಯದಲ್ಲಿ ಬರುವುದಿಲ್ಲ, ಆದ್ದರಿಂದ ಸ್ವಲ್ಪ ಹೇಳಬೇಕು. 1830ರಲ್ಲಿ ಫ್ರೆಂಚರು ಆ ದೇಶವನ್ನು ಹಿಡಿದರು. ಬ್ರಿಟಿಷರು ನಮ್ಮಲ್ಲಿಗೆ ಅಧಿಕಾರಿಗಳಾಗಿ ಬಂದು, ಪೆನ್ಷನ್ ಪಡೆದು ವಾಪಸು ಹೋಗುತ್ತಿದ್ದರು. ಅಲ್ಜೀರಿಯಾದಲ್ಲಿ ಹಾಗಲ್ಲ. ಫ್ರಾನ್ಸಿನಿಂದ, ಸ್ಪೇನಿನಿಂದ, ಇಟಲಿಯಿಂದ ಬಂದವರು ಜಮೀನು ಹಿಡಿದು ಅಲ್ಲೇ ನೆಲೆಸಿದರು. 1954ರಲ್ಲಿ ಸ್ವಾತಂತ್ರ್ಯ ಯುದ್ಧ ಶುರುವಾದಾಗ ಅಂಥವರು ಸುಮಾರು ಹತ್ತು ಲಕ್ಷ ಮಂದಿ ಇದ್ದರು. ಒಳ್ಳೆಯ ನೆಲ, ಓಟಿನ ಬಲ, ಕಚೇರಿ, ಕುರ್ಚಿ ಎಲ್ಲ ಅವರದು. ಮೂಲದ ಮುಸ್ಲಿಂ ಜನ ಅದರ ಎಂಟೊಂಬತ್ತು ಪಟ್ಟು ಇದ್ದರೂ ತಮ್ಮ ನೆಲದಲ್ಲೇ ಆಳುಗಳು. ಕೊನೆಗೆ ಫ್ರಾನ್ಸ್ ಸರ್ಕಾರವೇ ಇನ್ನು ಸಾಕು, ಬಿಟ್ಟುಕೊಡೋಣ ಎಂದು ಮಾತುಕತೆಗೆ ಇಳಿದಾಗ ವಲಸಿಗರಲ್ಲಿನ ಹಟಮಾರಿಗಳೂ ಕೆಲವು ಸೇನಾಧಿಕಾರಿಗಳೂ ಸೇರಿ 1961ರಲ್ಲಿ ಒಂದು ರಹಸ್ಯ ಸೈನ್ಯ ಕಟ್ಟಿದರು. ಅದರ ಹೆಸರಿನ ಮೊದಲಕ್ಷರ ಸೇರಿಸಿ ಓ.ಎ.ಎಸ್. ಎನ್ನುತ್ತಾರೆ. ಜನರಲ್ ಸಲಾನ್ ಎಂಬಾತ ಅದರ ಮುಖ್ಯಸ್ಥ. ಮಾತುಕತೆ ಮುರಿಯಬೇಕು, ಎರಡೂ ಜನಾಂಗ ಮತ್ತೆಂದೂ ಕೂಡಿ ಬಾಳದಂತಾಗಬೇಕು ಎನ್ನುವುದೇ ಅವರ ಲೆಕ್ಕ. ಬಾಂಬ್ ಇಟ್ಟರು, ಬೀದಿಯಲ್ಲಿ ಗುಂಡು ಹೊಡೆದರು. ಸತ್ತವರು ಸುಮಾರು ಎರಡು ಸಾವಿರ ಎಂದು ಅಂದಾಜು. 1962ರ ಮೇ ತಿಂಗಳಲ್ಲಿ ಬಿಳಿಯರ ಮನೆಗಳಿಗೆ ಕಸಮುಸುರೆ ಮಾಡಲು ಹೋಗುತ್ತಿದ್ದ ಮುಸ್ಲಿಂ ಹೆಂಗಸರನ್ನು ಹುಡುಕಿ ಕೊಂದರು. ಜೂನ್ 7ರಂದು ಅಲ್ಜಿಯರ್ಸ್ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬೆಂಕಿ ಇಟ್ಟರು. ಲಕ್ಷಗಟ್ಟಲೆ ಪುಸ್ತಕ ಬೂದಿಯಾಯಿತು. ನಮಗೆ ಸಿಗದ್ದು ಯಾರಿಗೂ ಸಿಗಬಾರದು ಎನ್ನುವ ಬುದ್ಧಿ.

ಫೆರಾವುನ್ ಆಗ ಶಿಕ್ಷಣ ಕೇಂದ್ರಗಳ ಇನ್‌ಸ್ಪೆಕ್ಟರ್. ಶಾಲೆ ಕಾಣದ ಮಕ್ಕಳಿಗೆ, ದೊಡ್ಡವರಿಗೆ ಅಕ್ಷರ, ಆರೋಗ್ಯ, ಕಸುಬು ಕಲಿಸಲು ಜರ್ಮೇನ್ ತಿಲಿಯೋನ್ ಎಂಬ ವಿದುಷಿ 1955ರಲ್ಲಿ ಹುಟ್ಟುಹಾಕಿದ ಕೇಂದ್ರಗಳವು. 1962ರ ಮಾರ್ಚ್ 15ರ ಬೆಳಿಗ್ಗೆ ಅಲ್ಜಿಯರ್ಸಿನ ಎಲ್ ಬಿಯಾರ್‌ನಲ್ಲಿ ಆ ಕೇಂದ್ರಗಳವರ ಸಭೆ ನಡೆದಿತ್ತು. ಬಂದೂಕಿನವರು ಒಳಗೆ ಬಂದು ಹಾಜರಿ ಕೂಗಿದಂತೆ ಹೆಸರು ಕೂಗಿದರು. ಆರು ಜನರನ್ನು ಅಂಗಳಕ್ಕೆ ಕರೆದೊಯ್ದು ಗೋಡೆಗೆ ನಿಲ್ಲಿಸಿ ಸುಟ್ಟರು. ಆರರಲ್ಲಿ ಮೂವರು ಅಲ್ಜೀರಿಯಾದವರು, ಮೂವರು ಫ್ರೆಂಚರು. ಕೊಂದವರಿಗೆ ಅದೇ ಸಹಿಸದ ವಿಷಯವಾಗಿತ್ತು. ಇಬ್ಬರೂ ಒಂದೇ ಮೇಜಿಗೆ ಕೂತು ಮಕ್ಕಳ ಪಾಠದ ಬಗ್ಗೆ ಮಾತಾಡುವುದು! ಮೂರೇ ದಿನಕ್ಕೆ ಒಪ್ಪಂದಕ್ಕೆ ಸಹಿ ಬಿತ್ತು. ನಾಲ್ಕನೇ ದಿನ ಕದನವಿರಾಮ.

ಹಾಜರಿ ಕೂಗುವುದು ನನ್ನ ಮೂವತ್ತು ವರ್ಷದ ದಿನನಿತ್ಯದ ಕೆಲಸ. ಆ ಪುಟ ಓದಿದ ಮೇಲೆ ಜೂನ್‌ನಲ್ಲಿ ಶಾಲೆ ತೆರೆದಾಗ ಮೊದಲ ದಿನ ರಿಜಿಸ್ಟರ್ ಹಿಡಿದು ಒಂದು ಗಳಿಗೆ ಸುಮ್ಮನೆ ನಿಂತೆ.

ಇನ್ನು ಪುಸ್ತಕದ ವಿಚಾರ. ಸಾವಿನ ಕಾರಣಕ್ಕೆ ಪುಸ್ತಕವನ್ನು ದೊಡ್ಡದು ಮಾಡುವುದು ನನಗಿಷ್ಟವಿಲ್ಲ. ಹುತಾತ್ಮರ ಬರವಣಿಗೆ ಎಂದ ಕೂಡಲೇ ನಾವು ಕೈಮುಗಿದು ಪಕ್ಕಕ್ಕಿಡುತ್ತೇವೆ, ಓದುವುದಿಲ್ಲ. ಓದಿದರೆ ಇದು ಸುಲಭದ ಪುಸ್ತಕವಲ್ಲ. ಕಥೆಯಿಲ್ಲ. ಬಂದದ್ದೇ ಬರುತ್ತದೆ: ಇವತ್ತು ಇಂಥ ಊರಲ್ಲಿ ಇಂಥವನನ್ನು ಕೊಂದರು, ಇಂಥ ಶಾಲೆ ಸುಟ್ಟರು, ಸೈನಿಕರು ಬಂದರು, ಹೋದರು. ನಡುನಡುವೆ ನನಗೂ ಬೇಸರ ಬಂತು. ಆಮೇಲೆ ಅನ್ನಿಸಿತು, ಬೇಸರವೇ ಇದರ ಸತ್ಯ. ಯುದ್ಧ ಸಿನಿಮಾದಂತೆ ಎರಡೂವರೆ ಗಂಟೆಗೆ ಮುಗಿಯುವುದಿಲ್ಲ. ಏಳೂವರೆ ವರ್ಷ ದಿನಾ ಬೆಳಗಾಗುತ್ತದೆ, ದಿನಾ ಗಂಟೆ ಹೊಡೆಯಬೇಕು, ಬಂದ ಮಕ್ಕಳಿಗೆ ಪಾಠ ಹೇಳಬೇಕು.

ನನಗೆ ಬಹಳ ಹಿಡಿಸಿದ ಗುಣ ಒಂದಿದೆ. ಫೆರಾವುನ್‌ಗೆ ತಾವು ಯಾರ ಕಡೆ ಎನ್ನುವುದರಲ್ಲಿ ಸಂಶಯವಿಲ್ಲ. ದೇಶ ಸ್ವತಂತ್ರವಾಗಲೇಬೇಕು, ತಪ್ಪಿನ ಬೇರು ಆಳುವವರಲ್ಲಿದೆ. ಅದನ್ನು ಅವರು ಎಲ್ಲೂ ಮರೆಯುವುದಿಲ್ಲ. ಆದರೂ ತಮ್ಮ ಕಡೆಯ ಹೋರಾಟಗಾರರು ಹಳ್ಳಿಗಳಲ್ಲಿ ಮಾಡಿದ ದರ್ಪವನ್ನು, ದ್ರೋಹಿಯೆಂಬ ಅನುಮಾನದ ಮೇಲೆ ಕತ್ತು ಕೊಯ್ದದ್ದನ್ನು, ಬೀಡಿ ಸೇದಿದ್ದಕ್ಕೆ ಕೊಟ್ಟ ಶಿಕ್ಷೆಯನ್ನು ಅದೇ ಶಾಯಿಯಲ್ಲಿ ಬರೆಯುತ್ತಾರೆ. ಫ್ರೆಂಚ್ ಸೈನ್ಯ ಕೊಟ್ಟ ಚಿತ್ರಹಿಂಸೆ ಈ ಪುಟದಲ್ಲಿದ್ದರೆ ಅದು ಆ ಪುಟದಲ್ಲಿದೆ. ಒಂದರಿಂದ ಇನ್ನೊಂದನ್ನು ಕಳೆಯುವ ಲೆಕ್ಕ ಅವರು ಮಾಡುವುದಿಲ್ಲ. ಕೂಡಿಸುತ್ತಾ ಹೋಗುತ್ತಾರೆ.

ಕೊರತೆಯೂ ಇದೆ. ಕಬೀಲಿಯಾದ ಹಳ್ಳಿಗಳಲ್ಲಿ ಸೈನಿಕರು ಹೆಂಗಸರ ಮೇಲೆ ಮಾಡಿದ ಅತ್ಯಾಚಾರವನ್ನು ಅವರು ಮುಚ್ಚಿಡದೆ ಬರೆದಿದ್ದಾರೆ. ಆ ಕಾಲಕ್ಕೆ ಅದು ದೊಡ್ಡ ಧೈರ್ಯ. ಆದರೆ ಆ ಹೆಂಗಸರ ಮಾತು ನಮಗೆ ಕೇಳುವುದು ಇನ್‌ಸ್ಪೆಕ್ಟರ್ ಸಾಹೇಬರ ಬಾಯಿಂದ. ಅವರು ಏನೆಂದರು, ಮರುದಿನ ನೀರಿಗೆ ಹೇಗೆ ಹೋದರು, ಗಂಡಂದಿರ ಎದುರು ಹೇಗೆ ನಿಂತರು, ಗೊತ್ತಾಗುವುದಿಲ್ಲ. ಮಗಳು ಲ್ಯಾಪ್‌ಟಾಪಿನಲ್ಲಿ ತೋರಿಸಿದ, ಇದೇ ಯುದ್ಧದ ಮೇಲೆ ಪೊಂತೆಕೊರ್ವೋ ಎಂಬ ಇಟಲಿಯ ನಿರ್ದೇಶಕ 1966ರಲ್ಲಿ ತೆಗೆದ 'ಅಲ್ಜಿಯರ್ಸ್ ಕದನ' ಚಿತ್ರದಲ್ಲೂ ಹಾಗೇ. ಮೊದಲು ಬಿಳಿಯರು ರಾತ್ರಿ ಕದ್ದು ಬಂದು ಮುಸ್ಲಿಂ ಕೇರಿಯ ಮನೆಗಳ ಬುಡಕ್ಕೆ ಬಾಂಬ್ ಇಡುತ್ತಾರೆ. ಅದು 1956ರ ಆಗಸ್ಟಿನಲ್ಲಿ ನಿಜಕ್ಕೂ ನಡೆದದ್ದು. ಅದಕ್ಕೆ ಉತ್ತರವಾಗಿ ಮೂವರು ಹೆಂಗಸರು ಯೂರೋಪಿಯನ್ನರ ವೇಷ ಹಾಕಿ ಹೋಟೆಲುಗಳಲ್ಲಿ ಬಾಂಬ್ ಇಟ್ಟು ಬರುತ್ತಾರೆ. ಅವರು ಕನ್ನಡಿಯೆದುರು ಕೂದಲು ಕತ್ತರಿಸಿಕೊಳ್ಳುವುದನ್ನು ನೋಡುತ್ತೇವೆಯೇ ಹೊರತು ಅವರ ಮನಸ್ಸಿನ ಮಾತು ಕೇಳುವುದಿಲ್ಲ. ಆದರೆ ಬಾಂಬ್ ಸಿಡಿಯುವ ಮುಂಚೆ ಕ್ಯಾಮೆರಾ ಹೋಟೆಲಿನವರ ಮುಖಗಳ ಮೇಲೆ ಒಂದೊಂದಾಗಿ ಹೋಗುತ್ತದೆ. ಅದರಲ್ಲೊಂದು ಐಸ್‌ಕ್ರೀಮ್ ತಿನ್ನುತ್ತಿರುವ ಮಗು. ಸಾಯುವವರಿಗೂ ಮುಖವಿದೆ ಎಂದು ತೋರಿಸಿದ್ದರಿಂದ ಆ ಚಿತ್ರ ಉಳಿದಿದೆ. ಮೊದಲ ಬಾಂಬನ್ನು ತೋರಿಸದೆ ಎರಡನೆಯದನ್ನು ಮಾತ್ರ ತೋರಿಸಿದ್ದರೆ, ಅಥವಾ ಎರಡನೆಯದರಲ್ಲಿ ಮುಖಗಳನ್ನು ತೋರಿಸದೆ ಹೋಗಿದ್ದರೆ, ಅದು ಬರೀ ಪ್ರಚಾರದ ಚಿತ್ರವಾಗುತ್ತಿತ್ತು.

ಇಷ್ಟೆಲ್ಲಾ ಓದುವಾಗ ನನಗೆ ಪದೇ ಪದೇ ನೆನಪಾದದ್ದು ಅಲ್ಜೀರಿಯಾ ಅಲ್ಲ, ಹರಿಹರದ ನಮ್ಮ ಹಿತ್ತಲಮನೆ ಅಜ್ಜಿ.

ನಾನು ಬೆಳೆದದ್ದು ಹರಿಹರದಲ್ಲಿ, ಹರಿಹರೇಶ್ವರನ ಗುಡಿಯಿಂದ ಕೂಗಳತೆ ದೂರದಲ್ಲಿ. ನಮ್ಮ ಊರ ಮುಂದೆ ಹರಿಯುವ ತುಂಗಭದ್ರೆಯೇ ಕೆಳಗೆ ಹೋಗಿ ಹಂಪಿ, ಆನೆಗೊಂದಿ, ಕಂಪ್ಲಿ ದಾಟುತ್ತಾಳೆ. 1948ರಲ್ಲಿ ಹರಿಹರದ ದಡ ಮೈಸೂರಿನದು, ಎದುರು ದಡ ಮುಂಬಯಿ ಪ್ರಾಂತ್ಯದ್ದು. ಕೆಳಗೆ ಕಂಪ್ಲಿಯ ದಡ ಮದ್ರಾಸಿನದು, ಎದುರಿನ ಗಂಗಾವತಿಯ ದಡ ನಿಜಾಮನದು. ಒಂದೇ ನದಿ, ನಾಲ್ಕು ಸರ್ಕಾರ. ಅಜ್ಜಿ ಗಂಗಾವತಿ ಕಡೆಯವರು. ಹದಿನೆಂಟರ ಹರೆಯದಲ್ಲಿ, ಆರು ತಿಂಗಳ ಕೂಸನ್ನು ಕಟ್ಟಿಕೊಂಡು ರಾತ್ರೋರಾತ್ರಿ ಹರಿಗೋಲಿನಲ್ಲಿ ನದಿ ದಾಟಿ, ಹೊಸಪೇಟೆಗೆ ಬಂದು, ಗದಗ ಹುಬ್ಬಳ್ಳಿ ಮೇಲೆ ರೈಲು ಹಿಡಿದು ಹರಿಹರದ ನಂಟರ ಮನೆ ಸೇರಿದವರು. ಸಂಜೆ ಜಗುಲಿಯಲ್ಲಿ ಮಂಡಕ್ಕಿ ಹಸನು ಮಾಡುತ್ತ ಆ ಕಥೆ ಹೇಳುತ್ತಿದ್ದರು. "ರಜಾಕಾರ್ರು ಬಂದ್ರು ಅಂದ್ರ ನಾಯಿ ಸೈತ ಬೊಗಳ್ತಿರಲಿಲ್ಲವ್ವ" ಎಂದು ಶುರುಮಾಡಿದರೆ ನಾವು ಮಕ್ಕಳು ಮೈ ಮುದುರಿ ಕೂರುತ್ತಿದ್ದೆವು.

ರಜಾಕಾರರು ಅಲ್ಜೀರಿಯಾದ ವಲಸಿಗರಂಥವರಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಅವರು ಸಮುದ್ರದಾಚೆಯಿಂದ ಬಂದವರಲ್ಲ, ಇಲ್ಲಿಯವರೇ. ರಹಸ್ಯವಾಗಿಯೂ ಇರಲಿಲ್ಲ, ಸಮವಸ್ತ್ರ ತೊಟ್ಟು ಹಗಲಲ್ಲೇ ಕವಾಯತು ಮಾಡುತ್ತಿದ್ದರು. ಆದರೆ ಒಳಗಿನ ಸಂಕಟ ಒಂದೇ. ಆಳಿಕೊಂಡು ಬಂದ ವ್ಯವಸ್ಥೆ ಮುಗಿಯುತ್ತಿದೆ ಎಂದು ಗೊತ್ತಾದಾಗ, ಸರ್ಕಾರದ ಕೈ ನಡುಗಿದಾಗ, ಅದರ ಹೆಸರಿನಲ್ಲಿ ಖಾಸಗಿ ಸೈನ್ಯವೊಂದು ಹುಟ್ಟಿ ಜನರನ್ನು ಹೆದರಿಸಿ ಕಾಲವನ್ನೇ ತಡೆಯಲು ಹೊರಡುತ್ತದೆ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರದೆ ಉಳಿದಾಗ ಲಾತೂರಿನ ವಕೀಲ ಖಾಸಿಂ ರಜ್ವಿಯ ಮುಂದಾಳತನದ ರಜಾಕಾರರು ಊರೂರಿಗೆ ತಿಂಗಳ ವಂತಿಗೆ ಹೇರಿದರು. ಕೊಟ್ಟ ಊರು ಹೇಗೋ ಬದುಕಿತು, ಎದುರಿಸಿದ ಊರಿನಲ್ಲಿ ಲೂಟಿ, ಬೆಂಕಿ, ಕೊಲೆ, ಹೆಂಗಸರ ಮಾನಹರಣ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ನಡೆದ ಹತ್ಯಾಕಾಂಡವನ್ನು ಆ ಭಾಗದವರು ಇಂದಿಗೂ ಮರೆತಿಲ್ಲ. ಮುಂಡರಗಿ, ಗಜೇಂದ್ರಗಡಗಳಲ್ಲಿ ಗಡಿ ಶಿಬಿರಗಳೆದ್ದು ಅಳವಂಡಿ ಶಿವಮೂರ್ತಿ ಸ್ವಾಮಿಗಳು, ಪುಂಡಲೀಕಪ್ಪ ಜ್ಞಾನಮೋಠೆಯವರಂಥವರು ಹೋರಾಡಿದರು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಹೊಕ್ಕಿತು, 17ರಂದು ನಿಜಾಮ ಶರಣಾದ. ಪಠ್ಯದಲ್ಲಿ ಇಲ್ಲಿಗೆ ಪಾಠ ಮುಗಿಯುತ್ತದೆ. ಅಜ್ಜಿಯ ಕಥೆಯೂ ಇಲ್ಲಿಗೇ ಮುಗಿಯುತ್ತಿತ್ತು.

ಇನ್ನರ್ಧ ಕಥೆಯನ್ನು ಅಜ್ಜಿ ಹೇಳಿದ್ದು ಒಂದೇ ಸಲ. 1990ರ ಅಕ್ಟೋಬರಿನಲ್ಲಿ ದಾವಣಗೆರೆಯಲ್ಲಿ ಗಲಭೆಯಾದಾಗ ನಾನು ಬಿ.ಎ. ಓದುತ್ತಿದ್ದೆ. ಕಾಲೇಜು ಮುಚ್ಚಿ ಹರಿಹರದ ಮನೆಯಲ್ಲಿದ್ದೆ. ಬೀದಿಯಲ್ಲಿ ಬರೀ ಗಾಳಿಸುದ್ದಿ. ಅವರನ್ನು ಹೀಗೆ ಮಾಡಬೇಕು, ಹಾಗೆ ಮಾಡಬೇಕು ಎಂದು ಯಾರೋ ಜಗುಲಿಯಲ್ಲಿ ಕೂತು ಜೋರಾಗಿ ಹೇಳುತ್ತಿದ್ದರು. ಅವರು ಎದ್ದು ಹೋದ ಮೇಲೆ ಅಜ್ಜಿ ನನ್ನನ್ನು ಒಳಗೆ ಕರೆದರು. ಬಚ್ಚಲಲ್ಲಿ ಒಂದು ಸೊಟ್ಟಗಾದ ತಾಮ್ರದ ಕೊಡವಿತ್ತು. ಅದನ್ನು ಅವರು ತಿಕ್ಕಿ ಬೆಳಗುತ್ತಿದ್ದರು, ಆದರೆ ಅದರಲ್ಲಿ ಎಂದೂ ನೀರು ತುಂಬುತ್ತಿರಲಿಲ್ಲ. ಮಡಿಯ ಕೊಡ ಇರಬೇಕು ಎಂದು ನಾವು ತಿಳಿದಿದ್ದೆವು.

ಆವತ್ತು ರಾತ್ರಿ ರಜಾಕಾರರು ಬರುತ್ತಾರೆಂದು ಮುಂಚೆ ಬಂದು ಹೇಳಿದವನು, ಹಿಂದಿನ ದಾರಿಯಲ್ಲಿ ನದಿಯವರೆಗೂ ಕೂಸನ್ನು ಎತ್ತಿಕೊಂಡು ಬಂದವನು, ಅವರ ಮನೆಗೆ ಹಾಸಿಗೆ ತುಂಬಿಕೊಡುತ್ತಿದ್ದ ಪಿಂಜಾರ. ಪೊಲೀಸ್ ಕಾರ್ಯಾಚರಣೆ ಮುಗಿದು ಎರಡು ತಿಂಗಳಿಗೆ ಅಜ್ಜಿ, ಗಂಡ, ಮೈದುನ ಊರಿಗೆ ಮರಳಿದರೆ ಪಿಂಜಾರನ ಮನೆಯ ಗೋಡೆ ಮಾತ್ರ ನಿಂತಿತ್ತು. ಎಲ್ಲಿ ಎಂದರೆ "ಹೋದ" ಎಂದರು. ಎಲ್ಲಿಗೆ ಎಂದು ಯಾರೂ ಹೇಳಲಿಲ್ಲ. ಅಜ್ಜಿಯೂ ಎರಡನೇ ಸಲ ಕೇಳಲಿಲ್ಲ. ಸಂಜೆ ಮೈದುನ ಒಂದು ತಾಮ್ರದ ಕೊಡ ತಂದು ಅಂಗಳದಲ್ಲಿಟ್ಟ. ಎಲ್ಲರೂ ತರುತ್ತಿದ್ದಾರೆ, ನಾನೂ ತಂದೆ ಎಂದ. ಪಿಂಜಾರನ ಹೆಂಡತಿ ಆ ಕೊಡ ಹೊತ್ತು ಬಾವಿಗೆ ಬರುವುದನ್ನು ಅಜ್ಜಿ ದಿನಾ ಕಂಡಿದ್ದರು. "ಬ್ಯಾಡ ಅನ್ನಲಿಲ್ಲವ್ವ ನಾನು. ಒಂದ ಮಾತು ಅನ್ನಲಿಲ್ಲ" ಎಂದರು. ಅಷ್ಟೇ.

ಅಜ್ಜಿಯ ಊರಿನಲ್ಲಿ ಆದದ್ದು ಒಂದು ಊರಿನ ಕಥೆಯಲ್ಲ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಕಾರ್ಯಾಚರಣೆಯ ನಂತರ ಪ್ರಧಾನಿ ನೆಹರೂ ಅವರು ಪಂಡಿತ್ ಸುಂದರ್‌ಲಾಲ್ ಮತ್ತು ಸಂಗಡಿಗರನ್ನು ಹೈದರಾಬಾದಿಗೆ ಕಳಿಸಿದ್ದರು. 1948ರ ನವೆಂಬರ್, ಡಿಸೆಂಬರ್‌ನಲ್ಲಿ ಅವರು ಜಿಲ್ಲೆಗಳನ್ನು ಸುತ್ತಿ ಬರೆದ ವರದಿ ರಜಾಕಾರರ ಅನ್ಯಾಯವನ್ನೂ ಹೇಳುತ್ತದೆ, ಆಮೇಲೆ ಮುಸ್ಲಿಮರ ಮೇಲೆ ನಡೆದ ಸೇಡನ್ನೂ ಹೇಳುತ್ತದೆ. ಕಾರ್ಯಾಚರಣೆಯ ಸಮಯದಲ್ಲೂ ನಂತರವೂ ಸತ್ತವರು ಕಡಿಮೆ ಎಂದರೂ 27,000ದಿಂದ 40,000 ಎನ್ನುವುದು ಅವರ ಅಂದಾಜು. ಹೆಚ್ಚು ಕೆಟ್ಟ ಸ್ಥಿತಿ ಇದ್ದ ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗ, ಬೀದರ್ ಸೇರಿವೆ. ಆ ವರದಿಯನ್ನು ದಶಕಗಟ್ಟಲೆ ಹೊರಗೆ ಬಿಡಲಿಲ್ಲ. ಸತ್ತವರಲ್ಲಿ ರಜಾಕಾರನಾಗಿದ್ದವನು ಎಷ್ಟು, ಹಾಸಿಗೆ ತುಂಬುವವನು ಎಷ್ಟು, ಯಾರು ಎಣಿಸಿದರು?

ಅಲ್ಜೀರಿಯಾದಲ್ಲೂ ಇನ್ನರ್ಧ ಕಥೆ ಇದೆ. 1962ರ ಜುಲೈ 5ರಂದು, ಸ್ವಾತಂತ್ರ್ಯದ ಸಂಭ್ರಮದ ದಿನವೇ, ಓರಾನ್ ನಗರದಲ್ಲಿ ನೂರಾರು ಯೂರೋಪಿಯನ್ನರನ್ನು ಕೊಂದರು. ಫ್ರೆಂಚ್ ಸೈನ್ಯದ ಜೊತೆಗಿದ್ದ ಸಾವಿರಾರು ಅಲ್ಜೀರಿಯನ್ನರನ್ನು ಹಿಡಿದು ಹಿಂಸಿಸಿ ಕೊಂದರು. ಓ.ಎ.ಎಸ್.ನವರು ಹಚ್ಚಿದ ಬೆಂಕಿಯಲ್ಲಿ ಅವರ ಜನರೇ ಬೆಂದರು. ಆ ಒಂದು ವರ್ಷದಲ್ಲಿ ಲಕ್ಷಗಟ್ಟಲೆ ವಲಸಿಗರು ಸೂಟ್‌ಕೇಸ್ ಹಿಡಿದು ಹಡಗು ಹತ್ತಿದರು. ನಾಯಕರಿಗೆ ಏನಾಯಿತು? ಸಲಾನ್‌ನನ್ನು 1968ರಲ್ಲಿ ಬಿಟ್ಟರು. ಖಾಸಿಂ ರಜ್ವಿ 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಕತ್ತಿ ಹಿರಿದವರು ಹಾಸಿಗೆಯ ಮೇಲೆ ಸತ್ತರು, ಹಾಸಿಗೆ ತುಂಬಿದವನು ಎಲ್ಲಿ ಸತ್ತನೋ.

ಎರಡೂ ಕಡೆಯದನ್ನು ಹೇಳಿದರೆ ಮೊದಲು ಮಾಡಿದವರ ತಪ್ಪು ಹಗುರಾಗುವುದಿಲ್ಲವೇ ಎಂದು ಸ್ಟಾಫ್‌ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಗೋರಟಾದಲ್ಲಿ ಅಪ್ಪನನ್ನು ಕಳೆದುಕೊಂಡವರ ಎದುರು ನಿಂತು ಸುಂದರ್‌ಲಾಲ್ ವರದಿ ಓದುವ ಧೈರ್ಯ ನನಗೂ ಇಲ್ಲ. ಆದರೆ ಫೆರಾವುನ್ ಪುಸ್ತಕ ನನಗೆ ಕಲಿಸಿದ್ದು ಇದು: ಹಗುರಾಗುವುದು ಕಳೆದಾಗ, ಕೂಡಿಸಿದಾಗ ಅಲ್ಲ. ರಜಾಕಾರರ ಕ್ರೌರ್ಯವನ್ನು ಅಜ್ಜಿ ಕೊನೆಯವರೆಗೂ ಕ್ಷಮಿಸಲಿಲ್ಲ, ಆ ಹೆಸರು ಬಂದರೆ ಮುಖ ಬಿಗಿಯುತ್ತಿತ್ತು. ಅದೇ ಅಜ್ಜಿ ಆ ಕೊಡದಲ್ಲಿ ನೀರು ತುಂಬಲಿಲ್ಲ. ಎರಡೂ ಒಂದೇ ಎದೆಯಲ್ಲಿತ್ತು. ಓದುಬರಹ ಬಾರದ ಹೆಂಗಸಿಗೆ ಸಾಧ್ಯವಾದದ್ದು ನಮ್ಮ ಭಾಷಣಗಳಿಗೆ ಯಾಕೆ ಸಾಧ್ಯವಾಗುವುದಿಲ್ಲ?

ಹೋದ ವರ್ಷ ಸಂಸ್ಥಾನಗಳ ವಿಲೀನದ ಪಾಠ ಮಾಡುವಾಗ ಒಬ್ಬ ಹುಡುಗಿ ಎದ್ದು, "ಮಿಸ್, ರಜಾಕಾರರು ಅಂದ್ರೆ ಮುಸ್ಲಿಮರಾ?" ಎಂದಳು. ಮೂರನೇ ಬೆಂಚಿನಲ್ಲಿ ಕೂತಿದ್ದ ಮುಸ್ಲಿಂ ಹುಡುಗಿ ಪುಸ್ತಕದೊಳಗೆ ತಲೆ ಹಾಕಿದಳು. ನಾನು ಆಗ "ಅದು ಒಂದು ಸಂಘಟನೆ, ಮುಂದಕ್ಕೆ ಓದಿ" ಎಂದು ದಾಟಿಬಿಟ್ಟೆ. ಸುಳ್ಳು ಹೇಳಲಿಲ್ಲ, ಆದರೆ ಪಾಠವನ್ನೂ ಹೇಳಲಿಲ್ಲ. ಒಂದು ಮಾತು ಅನ್ನಲಿಲ್ಲವ್ವ ಎಂದ ಅಜ್ಜಿಯ ಹಾಗೇ ಆಯಿತು.

ಈ ವರ್ಷ ಆ ಪಾಠ ಬಂದಾಗ ದಾಟಲಿಲ್ಲ. ಗೋರಟಾದ ಕಥೆ ಹೇಳಿದೆ, ಮೃದು ಮಾಡದೆ ಹೇಳಿದೆ. ಆಮೇಲೆ ಹೈದರಾಬಾದಿನ ಶೋಯೆಬುಲ್ಲಾ ಖಾನ್ ಎಂಬ ಪತ್ರಕರ್ತನ ಕಥೆ ಹೇಳಿದೆ. 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ಸಂಪಾದಕ. ಸಂಸ್ಥಾನ ಭಾರತಕ್ಕೆ ಸೇರಬೇಕು, ರಜಾಕಾರರದು ತಪ್ಪು ಎಂದು ಬರೆದದ್ದಕ್ಕೆ 1948ರ ಆಗಸ್ಟಿನಲ್ಲಿ ರಾತ್ರಿ ಮನೆಗೆ ಹೋಗುತ್ತಿದ್ದವನನ್ನು ಅಡ್ಡಗಟ್ಟಿ ಕೊಂದರು. ಬರೆದ ಕೈಯನ್ನೇ ಕತ್ತರಿಸಿದರು. ಮೂರು ವಾರಕ್ಕೆ ಸೈನ್ಯ ಬಂತು. ಫೆರಾವುನ್‌ಗೆ ಮೂರು ದಿನ ಕಡಿಮೆಯಾಯಿತು, ಇವನಿಗೆ ಮೂರು ವಾರ. ಕೊನೆಗೆ ನಮ್ಮ ಅಜ್ಜಿಯ ಊರಿನ ಪಿಂಜಾರನ ಕಥೆಯನ್ನೂ ಹೇಳಿದೆ, ಕೊಡದ ಸಮೇತ.

ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಒಬ್ಬಳು ಕೇಳಿದಳು: "ಮಿಸ್, ಆ ಪಿಂಜಾರನ ಹೆಸರೇನು?"

ಅಜ್ಜಿ ತೀರಿಹೋಗಿ ಇಪ್ಪತ್ತು ವರ್ಷವಾಯಿತು. ಮನೆ ಮಾರಿದಾಗ ಹಳೆಯ ಪಾತ್ರೆಗಳ ಜೊತೆ ಆ ಕೊಡವೂ ಗುಜರಿಗೆ ಹೋಯಿತಂತೆ. ಹೆಸರು ನಾನು ಕೇಳಿಕೊಂಡಿರಲಿಲ್ಲ. ಹಾಗೆಂದು ಹುಡುಗಿಗೆ ಹೇಳಿದೆ. ದಿನಚರಿ ಬರೆಯುವವರು ಯಾಕೆ ಬೇಕು ಎನ್ನುವುದು ಆಗ ನನಗೆ ಪೂರ್ತಿ ಅರ್ಥವಾಯಿತು. ನಿಮ್ಮ ಮನೆಗಳಲ್ಲೂ ಇಂಥ ಅಜ್ಜಿಯರು ಇನ್ನೂ ಇದ್ದರೆ, ಅವರು ದನಿ ಇಳಿಸಿ ಹೇಳುವ ಮಾತಿಗೆ ಕಿವಿ ಕೊಡಿ, ಹೆಸರು ಕೇಳಿಕೊಳ್ಳಿ.